ಕತ್ತೆಯನ್ನು ಕತೆ ಮಾಡುವ ಬಟನ್

ನಮಸ್ಕಾರ. ಮೊದಲು ಒಂದು ಪದ ಕೇಳಿಸಿಕೊಳ್ಳಿ.

(ಕ್ಲಿಪ್ 1: ‘ಕತ್ತೆ’)

ಈಗ ಅದೇ ರೆಕಾರ್ಡಿಂಗ್, ಅಡಾಸಿಟಿ ಅನ್ನೋ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನ ‘ಟ್ರಂಕೇಟ್ ಸೈಲೆನ್ಸ್’, ಅಂದರೆ ಮೌನ ಕತ್ತರಿಸುವ ಎಫೆಕ್ಟಿಗೆ ಕೊಟ್ಟು ತೆಗೆದ ಮೇಲೆ.

(ಕ್ಲಿಪ್ 2: ‘ಕತೆ’)

ಓದಿದವರದ್ದು ತಪ್ಪಿಲ್ಲ, ಮೈಕೂ ಚೆನ್ನಾಗೇ ಇದೆ. ಡ್ಯುರೇಶನ್ (ಎಷ್ಟು ಹೊತ್ತಿನ ಮೌನಕ್ಕೆ ಕತ್ತರಿ ಬೀಳಬೇಕು ಅನ್ನೋದು) 0.1 ಸೆಕೆಂಡ್, ಉಳಿಸಬೇಕಾದ್ದು 0.05 ಸೆಕೆಂಡ್ ಅಂತ ಹಾಕಿ ಅಪ್ಲೈ ಒತ್ತಿದ್ದಷ್ಟೇ. ಎಪಿಸೋಡ್ ಚುರುಕಾಗಲಿ, ನಡುವಿನ ಖಾಲಿ ಜಾಗ ಹೋಗಲಿ ಅಂತ ಎಷ್ಟೋ ಜನ ಇದನ್ನೇ ಮಾಡ್ತಾರೆ. ನಾನು ಹೇಳೋದು: ಕನ್ನಡ ಮಾತಿನ ಮೇಲೆ ಈ ಡ್ಯುರೇಶನ್ ಅರ್ಧ ಸೆಕೆಂಡಿಗಿಂತ ಕೆಳಗೆ ಇಳಿಯಲೇಬಾರದು. ನಾಯ್ಸ್ ಗೇಟ್ (ಮಾತಿಲ್ಲದಾಗ ಸದ್ದು ತಗ್ಗಿಸೋದು), ನಾಯ್ಸ್ ರಿಡಕ್ಷನ್ನಿಗೂ (ಹಿನ್ನೆಲೆಯ ಸದ್ದು ಇಳಿಸೋದು) ಇಂಗ್ಲಿಷ್ ಟ್ಯುಟೋರಿಯಲ್‌ನ ನಂಬರ್‌ಗಳನ್ನು ಕಣ್ಣುಮುಚ್ಚಿ ಹಾಕೋ ಹಾಗಿಲ್ಲ.

ಕಾರಣ ನಮ್ಮ ಒತ್ತಕ್ಷರ. ಕ, ತ, ಟ, ಪ ಹೇಳುವಾಗ ಬಾಯಿ ಒಂದು ಕ್ಷಣ ಪೂರ್ತಿ ಮುಚ್ಚಿಕೊಳ್ಳುತ್ತೆ. ಆಗ ಶಬ್ದವೇ ಇಲ್ಲ, ವೇವ್‌ಫಾರ್ಮ್‌ನಲ್ಲಿ ಗೆರೆ ಚಪ್ಪಟೆ. ಒಂಟಿ ತ ಆದರೆ ಈ ಬಿಡುವು ಸಾಮಾನ್ಯವಾಗಿ 100 ಮಿಲಿಸೆಕೆಂಡಿನೊಳಗೆ ಮುಗಿಯುತ್ತೆ. ಒತ್ತು ಬಿತ್ತೋ, ಹೆಚ್ಚುಕಮ್ಮಿ ಅದರ ಎರಡರಷ್ಟು. ನಿಧಾನ ಓದುವವರಲ್ಲಿ ಇನ್ನೂ ಜಾಸ್ತಿ. ಅಕ್ಕ, ಅಪ್ಪ, ಹಿಟ್ಟು, ಹತ್ತು, ಇವುಗಳ ಒತ್ತು ಕೂತಿರೋದೇ ಆ ಮೌನದಲ್ಲಿ. ಸಾಫ್ಟ್‌ವೇರ್ ಕಣ್ಣಿಗೆ ಅದು ವೇಸ್ಟ್ ಜಾಗ. ಹಬ್ಬ, ಮಗ್ಗ, ಮದ್ದು ಸ್ವಲ್ಪ ವಾಸಿ, ಯಾಕಂದ್ರೆ ಬ್ಬ, ಗ್ಗ, ದ್ದಗಳಲ್ಲಿ ಗಂಟಲಿನ ಸಣ್ಣ ಗುಂಯ್ ಉಳಿದಿರುತ್ತೆ. ಆದರೆ ಥ್ರೆಶೋಲ್ಡ್ (ಯಾವ ಮಟ್ಟಕ್ಕಿಂತ ಕೆಳಗಿನ ಸದ್ದು ಮೌನ ಅನ್ನೋ ಗಡಿ) ಮೈನಸ್ 20 ಡೆಸಿಬೆಲ್‌ನಲ್ಲಿದ್ದರೆ ಅದೂ ‘ಸೈಲೆನ್ಸ್’ ಲೆಕ್ಕಕ್ಕೇ ಹೋಗುತ್ತೆ.

ಹಾಗಾದ್ರೆ ಎಷ್ಟಿಡಬೇಕು? ಮೊದಲು ಮಾತಿಲ್ಲದ ಎರಡು ಸೆಕೆಂಡ್ ಪ್ಲೇ ಮಾಡಿ ಮೀಟರ್ ನೋಡಿ. ರೂಮಿನ ಸದ್ದು ಮೈನಸ್ 55ರಲ್ಲಿದ್ದರೆ ಥ್ರೆಶೋಲ್ಡ್ ಮೈನಸ್ 45 ಸಾಕು. ಡ್ಯುರೇಶನ್ 0.8 ಸೆಕೆಂಡ್, ಉಳಿಸಬೇಕಾದ ಮೌನ 0.5. ರೆಕಾರ್ಡಿಂಗೇ ಸಣ್ಣ ದನಿಯಲ್ಲಿದ್ದರೆ ಮೊದಲು ನಾರ್ಮಲೈಸ್ ಮಾಡಿ (ಒಟ್ಟು ದನಿ ಏರಿಸಿ) ಪೀಕ್, ಅಂದರೆ ಅತಿ ಜೋರಿನ ಜಾಗ, ಮೈನಸ್ 3ಕ್ಕೆ ತನ್ನಿ, ಆಮೇಲೆ ಅಳತೆ. ಇಲ್ಲದಿದ್ದರೆ ವಾಕ್ಯದ ಬಾಲಗಳೆಲ್ಲ ಹೋಗ್ತವೆ. ನಮ್ಮ ಬಹುತೇಕ ಪದಗಳು ಸ್ವರದಲ್ಲಿ ಮುಗಿಯೋದು, ಅದರಲ್ಲೂ ಕೊನೆಯ ಉಕಾರ ತೀರಾ ಮೆತ್ತಗಿರುತ್ತೆ. ‘ಬಂತು’ ಹೋಗಿ ‘ಬಂತ್’ ಆದರೆ ಸುದ್ದಿ ಓದುವವರು ಅವಸರದಲ್ಲಿದ್ದ ಹಾಗೆ ಕೇಳುತ್ತೆ.

ನಾಯ್ಸ್ ಗೇಟ್‌ನಲ್ಲೂ ಇದೇ ಗೋಳು. ಹೋಲ್ಡ್ (ಮಾತು ನಿಂತ ಮೇಲೂ ಗೇಟ್ ತೆರೆದಿರುವ ಹೊತ್ತು) 50 ಮಿಲಿಸೆಕೆಂಡ್ ಇಟ್ಟರೆ ‘ಅಕ್ಕ’ದ ನಡುವೆಯೇ ಗೇಟ್ ಮುಚ್ಚಿ ಮತ್ತೆ ತೆರೆಯುತ್ತೆ, ಫ್ಯಾನಿನ ಸದ್ದು ಪದದ ಹೊಟ್ಟೆಯಲ್ಲಿ ಪುಕ್ ಅಂತ ನಿಂತು ಶುರುವಾಗುತ್ತೆ. ಹೋಲ್ಡ್ 250ಕ್ಕೆ ಏರಿಸಿ. ಲೆವೆಲ್ ರಿಡಕ್ಷನ್ (ಗೇಟ್ ಮುಚ್ಚಿದಾಗ ಸದ್ದು ಇಳಿಸುವ ಪ್ರಮಾಣ) ಮೈನಸ್ 10, 12 ಸಾಕು. ಪೂರ್ತಿ ಕತ್ತಲೆ ಬೇಡ.

ಇನ್ನು ನಾಯ್ಸ್ ರಿಡಕ್ಷನ್. ಬಳಸೋ ರೀತಿ ಗೊತ್ತಿರುತ್ತೆ: ಬರೀ ಫ್ಯಾನ್ ಕೇಳುವ ಒಂದೆರಡು ಸೆಕೆಂಡ್ ಸೆಲೆಕ್ಟ್ ಮಾಡಿ ‘ಗೆಟ್ ನಾಯ್ಸ್ ಪ್ರೊಫೈಲ್’, ಆಮೇಲೆ ಇಡೀ ಟ್ರ್ಯಾಕ್ ಸೆಲೆಕ್ಟ್ ಮಾಡಿ ಅಪ್ಲೈ. ಇದರ ಬಲಿ ಯಾರು ಅಂದ್ರೆ ಹಕಾರ. ಹ ಅನ್ನೋದು ಹೆಚ್ಚುಪಾಲು ಉಸಿರು, ಫ್ಯಾನಿನ ಸುಯ್ ಅನ್ನೋ ಸದ್ದಿನ ಹತ್ತಿರದ ನೆಂಟ. 24 ಡೆಸಿಬೆಲ್ ಇಳಿಸಿ ಅಂದರೆ ಸಾಫ್ಟ್‌ವೇರ್ ಎರಡನ್ನೂ ಒಟ್ಟಿಗೆ ಗುಡಿಸುತ್ತೆ, ‘ಹಾಲು’ ಕುಡಿಯೋರು ‘ಆಲು’ ಕುಡಿಯುತ್ತಾರೆ. ಅಕಾರ ಹಕಾರ ಅದಲುಬದಲು ಮಾಡೋರನ್ನು ನಾವು ಆಡಿಕೊಳ್ಳುತ್ತೇವೆ. ಇಲ್ಲಿ ಆ ತಪ್ಪನ್ನು ನಾವೇ ಪುಕ್ಕಟೆ ಸಾಫ್ಟ್‌ವೇರ್‌ನಿಂದ ಮಾಡಿಸುತ್ತಿದ್ದೇವೆ. ಸಕಾರ, ಶಕಾರಗಳ ಮೇಲಿನ ಹೊಳಪೂ ಹೋಗುತ್ತೆ, ದನಿ ನೀರೊಳಗಿಂದ ಬಂದ ಹಾಗಾಗುತ್ತೆ.

ಅದೇ ಡೈಲಾಗ್ ಬಾಕ್ಸಿನ ಕೆಳಗೆ ‘ರೆಸಿಡ್ಯೂ’ ಅಂತ ಒಂದು ಗುಂಡಿ ಇದೆ. ತುಂಬಾ ಜನ ಮುಟ್ಟಿರೋದೇ ಇಲ್ಲ. ಅದನ್ನು ಆರಿಸಿ ಪ್ರಿವ್ಯೂ ಒತ್ತಿದರೆ ಉಳಿಯೋದಲ್ಲ, ಹೊರಗೆ ಹೋಗೋದು ಕೇಳಿಸುತ್ತೆ. ಬರೀ ಸುಯ್ ಇದ್ದರೆ ಸರಿ. ಅದರಲ್ಲಿ ನಿಮ್ಮ ಮಾತಿನ ಪಿಸುಗುಟ್ಟುವಿಕೆ, ಸ, ಹ ಕೇಳಿಸಿತೋ, ಸೆನ್ಸಿಟಿವಿಟಿ (ಎಷ್ಟನ್ನು ನಾಯ್ಸ್ ಅಂತ ಹಿಡಿಯಬೇಕು ಅನ್ನೋದು) ಇಳಿಸಿ. ರಿಡಕ್ಷನ್ 6ರಿಂದ 9, ಸೆನ್ಸಿಟಿವಿಟಿ 4ರಿಂದ 6, ಇದರಾಚೆ ಹೋಗಬೇಕು ಅನ್ನಿಸಿದರೆ ಫ್ಯಾನ್ ಆಫ್ ಮಾಡಿ ಮತ್ತೆ ಓದೋದೇ ಬೇಗ ಮುಗಿಯುವ ಕೆಲಸ. ಮತ್ತೆ, ಮಧ್ಯೆ ಯಾರೋ ಫ್ಯಾನಿನ ರೆಗ್ಯುಲೇಟರ್ ತಿರುಗಿಸಿದರೆ, ಅಥವಾ ಕರೆಂಟ್ ಹೋಗಿ ಯುಪಿಎಸ್ ಗೊಂಯ್‌ಗುಟ್ಟಲು ಶುರು ಮಾಡಿದರೆ, ಹಳೆಯ ಪ್ರೊಫೈಲ್ ಅಲ್ಲಿಗೆ ಮುಗೀತು. ಅಲ್ಲಿಂದ ಮುಂದಕ್ಕೆ ಹೊಸ ಪ್ರೊಫೈಲ್.

ನಮ್ಮ ಕರೆಂಟಿನ ಹಮ್ (ಗುಂಯ್ ಸದ್ದು) 50 ಹರ್ಟ್ಸ್. 80 ಹರ್ಟ್ಸ್ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ದಪ್ಪ ಸದ್ದನ್ನು ತಗ್ಗಿಸೋದು), ಆಕ್ಟೇವ್‌ಗೆ 24 ಡೆಸಿಬೆಲ್ ಇಳಿಜಾರು ಹಾಕಿದರೆ ಅದು ಬಹುಪಾಲು ಹೋಗುತ್ತೆ. 100, 150ರ ಮರಿಗಳು ಉಳಿದರೆ ನಾಚ್ ಫಿಲ್ಟರ್ (ಒಂದೇ ಫ್ರೀಕ್ವೆನ್ಸಿಯನ್ನು ಕತ್ತರಿಸೋದು). ಇವನ್ನೆಲ್ಲ ಕಂಪ್ರೆಸರ್‌ಗಿಂತ ಮೊದಲೇ ಮುಗಿಸಿ. ಕಂಪ್ರೆಸರ್ ಜೋರು ದನಿಯನ್ನು ತಗ್ಗಿಸಿ ಒಟ್ಟು ಲೆವೆಲ್ ಏರಿಸಿದಾಗ ಫ್ಯಾನೂ ಜೊತೆಗೆ ಮೇಲೇರುತ್ತೆ.

ತೊದಲಿದ್ದನ್ನು ತೆಗೆಯೋದು ಕೈಯಿಂದಲೇ ಆಗಬೇಕು. ಕತ್ತರಿ ಹಾಕಲು ಒಳ್ಳೆ ಜಾಗ ಅದೇ ಕ, ತ, ಪಗಳ ಚಪ್ಪಟೆ ಗೆರೆ. ಅಲ್ಲಿ ಕೊಯ್ದರೆ ಟಿಕ್ ಅನ್ನೋದಿಲ್ಲ. ಎರಡೂ ಕಡೆಯ ಮೌನ ಸೇರಿ ಒಂದು ಅಕ್ಷರದಷ್ಟೇ ಉಳಿಯಲಿ. ಸ್ವರದ ಮಧ್ಯೆ, ಮ, ನಗಳ ಮಧ್ಯೆ ಕೊಯ್ಯಲೇಬೇಕಾದರೆ ಝೆಡ್ ಕೀ ಒತ್ತಿ, ಸೆಲೆಕ್ಷನ್‌ನ ತುದಿಗಳು ಗೆರೆ ಸೊನ್ನೆ ದಾಟುವ ಜಾಗಕ್ಕೆ ಸರಿಯುತ್ತವೆ. ಇನ್ನೊಂದು ತೊಡಕು ಸಂಧಿ. ‘ಹೋಗ್ತೀನಿ ಅಂತ’ ಬರಹದಲ್ಲಿ ಎರಡು ಪದ, ಬಾಯಲ್ಲಿ ‘ಹೋಗ್ತೀನಂತ’. ನಡುವೆ ಗಡಿ ಹುಡುಕಿದರೆ ಸಿಗೋದಿಲ್ಲ, ಅದಕ್ಕೇ ರೀಟೇಕ್ ಮಾಡುವಾಗ ಒಂದು ಪದವಲ್ಲ, ಹಿಂದಿನ ಉಸಿರಿನಿಂದ ಪೂರ್ತಿ ಓದಿಸಿ. ಜೋಡಿಸುವಾಗ ಒಂದೇ ಉಸಿರು ಉಳಿಸಿ. ಎರಡು ಉಳಿದರೆ ಓಡಿ ಬಂದವರ ಹಾಗೆ, ಒಂದೂ ಇಲ್ಲದಿದ್ದರೆ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ಹಾಗೆ.

ಲೌಡ್‌ನೆಸ್ ಕೊನೆಗೆ: ಪಾಡ್‌ಕಾಸ್ಟಿಗೆ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನೋ ಅಳತೆ), ಟ್ರೂ ಪೀಕ್ ಮೈನಸ್ 1. ಅಲ್ಲಿಗೆ ಮುಟ್ಟಿಸಿ.

ನಿಮ್ಮ ಸೆಟ್ಟಿಂಗ್‌ಗಳ ಪರೀಕ್ಷೆಗೆ ಒಂದು ವಾಕ್ಯ ಕೊಡ್ತೀನಿ. ನಿಮ್ಮ ಮೈಕಿನಲ್ಲಿ, ನಿಮ್ಮ ರೂಮಿನಲ್ಲಿ ಓದಿಟ್ಟುಕೊಳ್ಳಿ: ‘ಹಾಲು ಕೊಟ್ಟ ಅಕ್ಕ ಹತ್ತು ಕತ್ತೆಗಳ ಕತೆ ಹೇಳಿದಳು.’ ಎಲ್ಲ ಎಫೆಕ್ಟೂ ಹಾಕಿ, ಹೆಡ್‌ಫೋನ್ ತೆಗೆದು ಮೊಬೈಲ್ ಸ್ಪೀಕರಿನಲ್ಲಿ ಕೇಳಿ. ‘ಆಲು ಕೊಟ ಅಕ’ ಅಂತ ಶುರುವಾದರೆ ಕಂಟ್ರೋಲ್ ಝೆಡ್.