ನಮೀಬ್ ಮರುಭೂಮಿಯ ನೀರಿನ ಹೊಂಡ

ಕೇಳುಗರೆಲ್ಲರಿಗೂ ನಮಸ್ಕಾರ.

ಆಫ್ರಿಕಾದ ನಮೀಬಿಯಾ ದೇಶದಲ್ಲಿ, ನಮೀಬ್ ಮರುಭೂಮಿಯ ಅಂಚಿನಲ್ಲಿ ಒಂದು ನೀರಿನ ಹೊಂಡ ಇದೆ. ಕಾಡುಪ್ರಾಣಿಗಳಿಗಾಗಿ ಜನರೇ ಕಟ್ಟಿದ ಹೊಂಡ. ಅದರ ಎದುರು ಒಂದು ಕ್ಯಾಮೆರಾ ಇಟ್ಟಿದ್ದಾರೆ. ಅಲ್ಲಿ ಹಗಲು ರಾತ್ರಿ ನಡೆಯುವುದೆಲ್ಲ ಯೂಟ್ಯೂಬ್‌ನಲ್ಲಿ ನೇರವಾಗಿ ಬರುತ್ತದೆ. ದುಡ್ಡು ಕೊಡಬೇಕಿಲ್ಲ, ಮೊಬೈಲ್ ಇದ್ದರೆ ಸಾಕು.

ಇದೇನೂ ತೀರಾ ಹೊಸದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಆಫ್ರಿಕ್ಯಾಮ್ ಅನ್ನುವ ತಾಣ 1998ರಲ್ಲೇ ಶುರುವಾಯಿತು. ಆಗ ವಿಡಿಯೋ ಬರುತ್ತಿರಲಿಲ್ಲ, ಆಗಾಗ ಬದಲಾಗುವ ಫೋಟೋ ಅಷ್ಟೇ. ಈಗ ಕೀನ್ಯಾದ ಎಂಪಾಲಾದಲ್ಲಿ ನೀರಾನೆಗಳ ಮಡುವನ್ನು ನೋಡಬಹುದು, ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಕಾಡುಗಳ ಕೆರೆಗಳನ್ನೂ ನೋಡಬಹುದು. ಆದರೂ ನನಗೆ ನಮೀಬ್ ಹೊಂಡವೇ ಇಷ್ಟ. ಅಲ್ಲಿ ಮರ ಕಡಿಮೆ, ಬಯಲು ಜಾಸ್ತಿ. ನೀರಿಗೆ ಬರುವ ಪ್ರಾಣಿ ತುಂಬಾ ದೂರದಿಂದಲೇ ಕಾಣುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಷ್ಟೋ ಹೊತ್ತು ಅಲ್ಲಿ ಏನೂ ನಡೆಯುವುದಿಲ್ಲ. ಸುಮ್ನೆ ನೀರು, ಮರಳು, ಬಿಸಿಲು. ಟಿವಿಯಲ್ಲಿ ಕಾಡು ನೋಡಿದವರಿಗೆ ಐದು ನಿಮಿಷಕ್ಕೊಂದು ಬೇಟೆ ಬೇಕು, ಅಲ್ವಾ? ಕಾಡು ಹಾಗಿಲ್ಲ. ಬೇಕಾದ್ದನ್ನು ಮಾತ್ರ ಕತ್ತರಿಸಿ ಕೊಡುವವರು ಇಲ್ಲಿ ಯಾರೂ ಇಲ್ಲ. ನಾನು ಇದನ್ನು ಇಷ್ಟಪಡುವುದೇ ಅದಕ್ಕೆ.

ಕಾದವರಿಗೆ ಸಿಗುವುದೇನು? ಮೊದಲು ಓರಿಕ್ಸ್ ಎಂಬ ದೊಡ್ಡ ಹುಲ್ಲೆಗಳು ಬರುತ್ತವೆ. ಬೂದು ಮೈ, ಕಪ್ಪು ಬಿಳಿ ಮುಖ, ಈಟಿಯಂಥ ಕೊಂಬು. ಕೊಂಬು ಗಂಡಿಗೂ ಉಂಟು, ಹೆಣ್ಣಿಗೂ ಉಂಟು. ಜೀಬ್ರಾ ಹತ್ತಿರ ಬಂದರೆ ಓರಿಕ್ಸ್ ತಲೆ ತಗ್ಗಿಸಿ ಕೊಂಬು ತೋರಿಸುತ್ತದೆ. ಅಷ್ಟು ಸಾಕು, ಜೀಬ್ರಾ ಎರಡು ಹೆಜ್ಜೆ ಹಿಂದೆ. ಎಲ್ಲರ ನಡುವೆ ನರಿಯೊಂದು ನುಸುಳಿ ನಾಲ್ಕು ಗುಟುಕು ಕುಡಿಯುತ್ತದೆ. ಪ್ರತಿ ಗುಟುಕಿಗೂ ತಲೆ ಎತ್ತಿ ಕಿವಿ ತಿರುಗಿಸುತ್ತದೆ. ಉಷ್ಟ್ರಪಕ್ಷಿ ಕೊಕ್ಕಿನಲ್ಲಿ ನೀರು ಮೊಗೆದು, ಕತ್ತು ಎತ್ತಿ ನುಂಗುತ್ತದೆ.

ಇವೆಲ್ಲಕ್ಕಿಂತ ನನ್ನ ಮನಸ್ಸು ಗೆದ್ದದ್ದು ಆ ನಾಡಿನ ಒಂದು ಸಣ್ಣ ಹಕ್ಕಿ. ಹೆಸರು ಸ್ಯಾಂಡ್‌ಗ್ರೌಸ್. ಮರುಭೂಮಿಯ ನೀರಿನ ತಾವುಗಳಿಗೆ ಅವು ಬೆಳಿಗ್ಗೆ ಗುಂಪಾಗಿ ಬರುತ್ತವೆ. ಮರಿ ಇರುವ ಗಂಡು ನೀರು ಕುಡಿದು ಹಾಗೇ ಹಾರಿ ಹೋಗುವುದಿಲ್ಲ. ನೀರಿಗೆ ಇಳಿದು ಹೊಟ್ಟೆ ಅದ್ದುತ್ತದೆ, ಮೈಯನ್ನು ಅತ್ತಿತ್ತ ಅಲ್ಲಾಡಿಸುತ್ತದೆ. ಅದರ ಹೊಟ್ಟೆಯ ಗರಿಗಳಲ್ಲಿ ಸುರುಳಿ ಸುತ್ತಿದ ಎಳೆಗಳಿವೆ. ಒದ್ದೆಯಾದಾಗ ಅವು ಬಿಚ್ಚಿಕೊಂಡು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಆ ನೀರನ್ನು ಹೊತ್ತು ಹಕ್ಕಿ ಎಷ್ಟೋ ಕಿಲೋಮೀಟರ್ ಹಾರುತ್ತದೆ. ಬಯಲಲ್ಲಿ ಕಾಯುತ್ತಿರುವ ಮರಿಗಳು ಅಪ್ಪನ ಹೊಟ್ಟೆಗೆ ಬಾಯಿಟ್ಟು ನೀರು ಹೀರುತ್ತವೆ. ಮೀಡ್-ವಾಲ್ಡೋ ಎಂಬ ಇಂಗ್ಲೆಂಡಿನ ಪಕ್ಷಿಪ್ರಿಯ 1896ರಲ್ಲೇ ಇದನ್ನು ಬರೆದಿದ್ದರು. ಬಹಳ ಕಾಲ ಹೆಚ್ಚಿನವರು ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮ್ಯಾಕ್ಲೀನ್ ಎಂಬ ವಿಜ್ಞಾನಿಗಳು ಅದು ನಿಜವೆಂದು ತೋರಿಸಿಕೊಟ್ಟರು. ಅಂಥದ್ದನ್ನು ಇವತ್ತು ಮನೆಯಲ್ಲಿ ಕೂತವರೂ ಕಾದು ನೋಡಬಹುದು. ಹಾಸಿಗೆ ಹಿಡಿದವರಿಗೆ, ಊರು ಬಿಟ್ಟು ಹೋಗಲಾರದ ಹಿರಿಯರಿಗೆ ಇದು ಸಣ್ಣ ಮಾತಲ್ಲ. 2020ರಲ್ಲಿ ಕೊರೊನಾ ಬಂದು ಸಫಾರಿಗಳೆಲ್ಲ ನಿಂತಾಗ ಎಷ್ಟೋ ಜನಕ್ಕೆ ಇಂಥ ಕ್ಯಾಮೆರಾಗಳೇ ಕಿಟಕಿಯಾದವು.

ಒಂದು ಎಚ್ಚರಿಕೆ. ‘ಲೈವ್’ ಅಂತ ಬರೆದಿದ್ದೆಲ್ಲ ಲೈವ್ ಅಲ್ಲ. ಹಳೇ ವಿಡಿಯೋವನ್ನೇ ಸುತ್ತಿ ಸುತ್ತಿ ಹಾಕುವವರೂ ಇದ್ದಾರೆ. ನಮೀಬಿಯಾದ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ನಮ್ಮಲ್ಲಿ ಮಧ್ಯಾಹ್ನ ಒಂದೂವರೆ ಆದಾಗ ಅಲ್ಲಿ ಬೆಳಿಗ್ಗೆ ಹತ್ತು. ಪರದೆಯ ಮೇಲೆ ಆಗ ಕತ್ತಲಿದ್ದರೆ ಅದು ಲೈವ್ ಅಲ್ಲ.

ಇನ್ನೊಂದು ವಿಷಯ. ರೇಡಿಯೋ ಕೇಳುವ ನಿಮಗೆ ಇದು ಹಿಡಿಸಬಹುದು. ಕ್ಯಾಮೆರಾದ ಜೊತೆ ಮೈಕ್ ಕೂಡ ಇದೆ. ಗಾಳಿಯ ಸದ್ದು, ದೂರದಲ್ಲಿ ನರಿಯ ಊಳು ಎಲ್ಲ ಕೇಳಿಸುತ್ತದೆ. ಆ ಮರುಭೂಮಿಯಲ್ಲಿ ಬೊಗಳುವ ಹಲ್ಲಿಗಳೂ ಇವೆ. ಮುಸ್ಸಂಜೆಗೆ ಗಂಡು ಹಲ್ಲಿಗಳು ಬಿಲದ ಬಾಯಲ್ಲಿ ಕೂತು ಟಿಕ್ ಟಿಕ್ ಟಿಕ್ ಅಂತ ಹೆಣ್ಣನ್ನು ಕರೆಯುತ್ತವೆ. ಒಂದು ಶುರುಮಾಡಿದರೆ ಸುತ್ತಲಿನವೂ ಸೇರಿಕೊಳ್ಳುತ್ತವೆ. ಈ ಕೂಗು ಹೆಚ್ಚು ಕೇಳುವುದು ಬೇಸಿಗೆಯಲ್ಲಿ. ಅಲ್ಲಿ ಬೇಸಿಗೆ ಅಂದರೆ ನಮ್ಮ ಚಳಿಗಾಲ. ನವೆಂಬರ್, ಡಿಸೆಂಬರ್‌ನಲ್ಲಿ ರಾತ್ರಿ ಊಟ ಮುಗಿಸಿ, ಹನ್ನೊಂದರ ಸುಮಾರಿಗೆ ಹಚ್ಚಿ ನೋಡಿ. ಅಲ್ಲಿ ಆಗ ತಾನೇ ಹೊತ್ತು ಮುಳುಗಿರುತ್ತದೆ. ಇಯರ್‌ಫೋನ್ ಇದ್ದರೆ ಇನ್ನೂ ಒಳ್ಳೆಯದು.

ನಮಸ್ಕಾರ.