ಪಾಪರ್ ಅರ್ಜಿ ಹಾಕುವ ಮುನ್ನ

ಕೇಳುಗ ಬಂಧುಗಳಿಗೆ ನಮಸ್ಕಾರ.

ಸಾಲದಲ್ಲಿ ಮುಳುಗಿದವರ ಬಗ್ಗೆ ನಮ್ಮಲ್ಲಿ ‘ಪಾಪರ್ ಆದರಂತೆ’ ಎಂದು ದನಿ ತಗ್ಗಿಸಿ ಹೇಳುವ ರೂಢಿ ಇದೆ. ಜಿಲ್ಲಾ ಕೇಂದ್ರವೊಂದರಲ್ಲಿ ವಕೀಲಿಕೆ ಮಾಡುವ ನನ್ನ ಬಳಿಗೂ ಆ ಮಾತು ಅದೇ ದನಿಯಲ್ಲಿ ಬರುತ್ತದೆ. ಕಚೇರಿಯಲ್ಲಿ ಬೇರೆ ಯಾರೂ ಇಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ, ‘ಮೇಡಂ, ಪಾಪರ್‌ಗೆ ಹಾಕಿಕೊಂಡರೆ ಏನಾಗುತ್ತೆ?’ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಲಾಗದೆ ಮನೆಯೊಳಗೇ ನುಂಗಿಕೊಂಡು ಕೂತವರು ಬಹಳ ಜನ ಇದ್ದಾರೆ. ಅವರಿಗಾಗಿಯೇ ಇವತ್ತಿನ ಈ ಮಾತು.

ಹೋದ ವರ್ಷ ಆಷಾಢದಲ್ಲಿ ಒಬ್ಬರು ಹೆಂಡತಿಯೊಂದಿಗೆ ಬಂದಿದ್ದರು. ಸಣ್ಣ ಬಟ್ಟೆ ಅಂಗಡಿ ಇಟ್ಟಿದ್ದವರು. ಮದುವೆ ಮನೆಯಲ್ಲಿ ತಾಂಬೂಲ ಹಾಕಿ ಕೊಡುವ ಹಳದಿ ಚೀಲವೊಂದನ್ನು ನನ್ನ ಮೇಜಿನ ಮೇಲೆ ಸುರಿದರು. ಬ್ಯಾಂಕಿನ ನೋಟಿಸು, ಚಿನ್ನದ ಸಾಲದ ರಸೀದಿ, ಸಂಘದ ಕಂತಿನ ಪುಸ್ತಕ, ಚೀಟಿಯ ಲೆಕ್ಕ ಎಲ್ಲ ಒಂದರ ಮೇಲೊಂದು ಬಿದ್ದವು. ಐದಾರು ಲಕೋಟೆಗಳನ್ನು ಒಡೆದೇ ಇರಲಿಲ್ಲ. ನೋಡಿದರೆ ಭಯವಾಗುತ್ತದೆ ಎಂದು ಹಾಗೇ ಇಟ್ಟಿದ್ದರಂತೆ. ಒಂದೊಂದನ್ನೇ ಒಡೆದು ಓದಿದೆವು. ಆಕೆ ಮಗಳ ಲೆಕ್ಕದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯುತ್ತಾ ಹೋದರು. ಸಾಲ ಎಂಟು ಎಂದು ಹೇಳಿಕೊಂಡು ಬಂದವರಿಗೆ ಕೊನೆಗೆ ಸಿಕ್ಕಿದ್ದು ಹನ್ನೊಂದು. ಒಂಬತ್ತನೆಯದನ್ನು ಬರೆಯುವಾಗ ಆಕೆ ಪೆನ್ನು ಎತ್ತಿ ಗಂಡನ ಮುಖ ನೋಡಿದರು. ಅವರು ತಲೆ ತಗ್ಗಿಸಿದರು. ಆಕೆ ಮತ್ತೆ ಬರೆದರು.

ಆ ಪಟ್ಟಿಯ ಕಥೆಯನ್ನು ಮೊದಲು ಹೇಳುವುದಕ್ಕೆ ಕಾರಣ ಇದೆ. ದಿವಾಳಿ ಕಾನೂನು ನಿಮ್ಮಿಂದ ಮೊದಲು ಕೇಳುವುದೇ ಅಂಥದ್ದೊಂದು ಪಟ್ಟಿಯನ್ನು.

ನಮ್ಮ ರಾಜ್ಯದಲ್ಲಿ ಸಾಮಾನ್ಯ ಮನುಷ್ಯನೊಬ್ಬ ತನ್ನನ್ನು ದಿವಾಳಿ ಎಂದು ಘೋಷಿಸಿ ಎಂದು ಕೇಳಬೇಕಾದರೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯ ಮೊರೆ ಹೋಗಬೇಕು. ಬ್ರಿಟಿಷರ ಕಾಲದ ಕಾಯ್ದೆ. ‘2016ರಲ್ಲಿ ಹೊಸ ಕಾನೂನು ಬಂತಲ್ಲ, ಐಬಿಸಿ ಅಂತ, ಅದು?’ ಎಂದು ಓದಿಕೊಂಡವರು ಕೇಳುತ್ತಾರೆ. ದಿವಾಳಿ ಸಂಹಿತೆ ಎಂಬ ಆ ಕಾನೂನು ಬಂದದ್ದು ನಿಜ. ಆದರೆ ಅದರಲ್ಲಿ ವ್ಯಕ್ತಿಗಳ ದಿವಾಳಿಗೆ ಸಂಬಂಧಿಸಿದ ಭಾಗವನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಅಂಗಡಿಯವರು, ರೈತರು, ಸಂಬಳದವರಿಗೆ ಹಳೆಯ ಕಾಯ್ದೆಯೇ ಗತಿ. ಇಷ್ಟು ವರ್ಷ ಕಳೆದರೂ ಜನಸಾಮಾನ್ಯರ ಪಾಲಿನ ಕಾನೂನು ಪುಸ್ತಕದಲ್ಲೇ ಉಳಿದಿರುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡುತ್ತೇನೆ. ಕೋರ್ಟು ಶುಲ್ಕ ಕಟ್ಟುವ ಶಕ್ತಿ ಇಲ್ಲದವರು ಹಾಕುವ ದಾವೆಗೂ ‘ಪಾಪರ್ ದಾವೆ’ ಎನ್ನುತ್ತಾರೆ. ಅದು ಬೇರೆ, ಇದು ಬೇರೆ.

ಅರ್ಜಿ ಯಾರು ಹಾಕಬಹುದು? ಸಾಲ ತೀರಿಸಲು ಆಗದ ಸ್ಥಿತಿ ಇರಬೇಕು. ಅದರ ಜೊತೆಗೆ ಸಾಲ ಕನಿಷ್ಠ 500 ರೂಪಾಯಿ ಇರಬೇಕು, ಇಲ್ಲವೇ ಹಣದ ಡಿಕ್ರಿಯ, ಅಂದರೆ ಹಣ ಕೊಡಿ ಎಂಬ ಕೋರ್ಟಿನ ತೀರ್ಪಿನ, ಅಮಲ್ಜಾರಿಯಲ್ಲಿ ನಿಮ್ಮ ಬಂಧನವೋ ಆಸ್ತಿಯ ಜಪ್ತಿಯೋ ಆಗಿರಬೇಕು. 500 ರೂಪಾಯಿ ಎಂದದ್ದು ನೀವು ತಪ್ಪಾಗಿ ಕೇಳಿಸಿಕೊಂಡದ್ದಲ್ಲ, 1920ರ ಅಂಕಿ ಹಾಗೇ ಇದೆ. ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಲಯಕ್ಕೆ, ಅಥವಾ ಸರ್ಕಾರ ಆ ಅಧಿಕಾರ ಕೊಟ್ಟಿರುವ ಕೆಳಗಿನ ನ್ಯಾಯಾಲಯಕ್ಕೆ. ಯಾರಿಗೆ ಎಷ್ಟು ಕೊಡಬೇಕು, ಅವರ ಹೆಸರು, ವಿಳಾಸ, ನಿಮ್ಮ ಹತ್ತಿರ ಏನೇನಿದೆ, ಎಲ್ಲಿದೆ, ಎಲ್ಲವನ್ನೂ ಬರೆಯಬೇಕು. ಭಾವನ ಹತ್ತಿರ ತಂದ ಕೈಗಡವನ್ನೂ ಬಿಡುವಂತಿಲ್ಲ. ಆಮೇಲೆ ಸಾಲ ಕೊಟ್ಟವರಿಗೆಲ್ಲ ನೋಟಿಸು ಹೋಗುತ್ತದೆ. ಅವರೆದುರಿಗೇ ನ್ಯಾಯಾಧೀಶರು ನಿಮ್ಮ ವ್ಯವಹಾರದ ಬಗ್ಗೆ ಪ್ರಶ್ನೆ ಕೇಳುತ್ತಾರೆ. ಲೆಕ್ಕದ ಪುಸ್ತಕ ಮುಚ್ಚಿಟ್ಟರೆ, ಸುಳ್ಳು ಬರೆದರೆ, ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು.

ಅರ್ಜಿ ಕೊಟ್ಟ ದಿನವೇ ಎಲ್ಲ ಕಾಟ ನಿಂತುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನ್ಯಾಯಾಲಯ ದಿವಾಳಿ ಎಂದು ಘೋಷಿಸಿದ ಮೇಲೆ, ಅದರ ಅಪ್ಪಣೆ ಇಲ್ಲದೆ ಸಾಲ ಕೊಟ್ಟವರು ಹೊಸ ದಾವೆ ಹೂಡುವಂತಿಲ್ಲ. ಬಂಧನದಿಂದ ರಕ್ಷಣೆ ಬೇಕಾದರೆ ಅದನ್ನು ಪ್ರತ್ಯೇಕವಾಗಿ ಕೇಳಿಕೊಳ್ಳಬೇಕು. ಆದರೆ ಮನೆ ಅಡಮಾನ ಇಟ್ಟು ತೆಗೆದ ಸಾಲ, ಚಿನ್ನ ಗಿರವಿ ಇಟ್ಟ ಸಾಲ ಇದ್ದರೆ ಆ ಅಡಮಾನದ ಮೇಲಿನ ಅವರ ಹಕ್ಕು ಹಾಗೇ ಇರುತ್ತದೆ. ಅಡಮಾನದ ಆಸ್ತಿಯನ್ನು ಬ್ಯಾಂಕೇ ವಶಕ್ಕೆ ತೆಗೆದುಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನದ ನೋಟಿಸು ಕೊಟ್ಟಿದ್ದರೆ ಆ 60 ದಿನಗಳನ್ನು ಕಳೆದುಕೊಳ್ಳಬೇಡಿ. ಬರವಣಿಗೆಯಲ್ಲಿ ಉತ್ತರ ಕೊಡಿ. ನಾನು ಹೇಳಿದ ಆ ಒಡೆಯದ ಲಕೋಟೆಗಳಲ್ಲಿ ಇಂಥದ್ದೂ ಒಂದಿತ್ತು. ಅದಕ್ಕೆ ಉಳಿದದ್ದು ಒಂಬತ್ತು ದಿನ.

‘ಮನೇಲಿರೋದನ್ನೆಲ್ಲ ಎತ್ಕೊಂಡು ಹೋಗ್ತಾರಾ?’ ಈ ಪ್ರಶ್ನೆ ಕೇಳುವವರು ಸಾಮಾನ್ಯವಾಗಿ ಹೆಂಗಸರು. ಕೇಳುವಾಗ ಅವರ ಕೈ ತಮಗೆ ಅರಿವಿಲ್ಲದೆ ಕೊರಳಿಗೆ ಹೋಗಿರುತ್ತದೆ. ಅಮ್ಮಾ, ತಾಳಿಯನ್ನು ಯಾರೂ ಮುಟ್ಟುವಂತಿಲ್ಲ. ಧರ್ಮದ ರೂಢಿಯಂತೆ ಹೆಣ್ಣುಮಗಳು ಮೈಯಿಂದ ತೆಗೆಯಬಾರದ ಒಡವೆಯನ್ನು ಜಪ್ತಿ ಮಾಡಬಾರದು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮೇ ಹೇಳುತ್ತದೆ. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆಯನ್ನೂ ಒಯ್ಯುವಂತಿಲ್ಲ. ಬಡಗಿಯ ಉಳಿ, ದರ್ಜಿಯ ಹೊಲಿಗೆ ಯಂತ್ರದಂಥ ಕಸುಬಿನ ಸಾಮಾನು, ರೈತನ ನೇಗಿಲು, ಉಳುವ ಎತ್ತು, ಬಿತ್ತನೆ ಬೀಜ, ಅಡಮಾನ ಇಡದ, ರೈತನೋ ಕೂಲಿಯವನೋ ತಾನೇ ವಾಸಿಸುವ ಮನೆ, ಭವಿಷ್ಯನಿಧಿ, ಸರ್ಕಾರಿ ಪಿಂಚಣಿ, ಜೀವವಿಮೆಯ ಹಣ ಇವೆಲ್ಲ ಹೊರಗೆ. ಸಂಬಳದಲ್ಲಿ ಮೊದಲ 1000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ನಿಮ್ಮದೇ. ಇವಿಷ್ಟನ್ನು ಬಿಟ್ಟು ನಿಮ್ಮ ಹೆಸರಿನಲ್ಲಿರುವುದೆಲ್ಲ ನ್ಯಾಯಾಲಯದ ಅಥವಾ ಆಸ್ತಿ ನೋಡಿಕೊಳ್ಳಲು ಅದು ನೇಮಿಸಿದ ರಿಸೀವರ್‌ ವಶಕ್ಕೆ ಹೋಗುತ್ತದೆ. ವಿಮೋಚನೆ, ಅಂದರೆ ಸಾಲದಿಂದ ಬಿಡುಗಡೆ ಎಂಬ ಕೋರ್ಟಿನ ಆದೇಶ, ಸಿಗುವವರೆಗೆ ನೀವು ಹೊಸದಾಗಿ ಸಂಪಾದಿಸಿದ ಆಸ್ತಿಯೂ ಅಷ್ಟೇ.

ಅದಕ್ಕೇ ಕೆಲವರು ಜಾಣತನ ಮಾಡಲು ಹೋಗುತ್ತಾರೆ. ಬಟ್ಟೆ ಅಂಗಡಿಯವರೂ ಮಾಡಿದ್ದರು. ಊರಾಚೆ ಇದ್ದ ಒಂದು ಸೈಟನ್ನು ನಾಲ್ಕು ತಿಂಗಳ ಹಿಂದೆ ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿಸಿದ್ದರು. ಯಾರೋ ಹೇಳಿಕೊಟ್ಟಿದ್ದರಂತೆ. ದಿವಾಳಿ ಅರ್ಜಿಯ ಹಿಂದಿನ ಎರಡು ವರ್ಷಗಳಲ್ಲಿ ಹೀಗೆ ಪುಕ್ಕಟೆಯಾಗಿ ಬರೆದುಕೊಟ್ಟ ಆಸ್ತಿಯ ಪತ್ರವನ್ನು ನ್ಯಾಯಾಲಯ ರದ್ದು ಮಾಡಬಹುದು. ಬೇಕಾದ ಒಬ್ಬರಿಗೆ ಮಾತ್ರ ಒಳಗಿಂದೊಳಗೆ ಸಾಲ ತೀರಿಸಿ ಮೂರು ತಿಂಗಳೊಳಗೆ ಅರ್ಜಿ ಹಾಕಿದರೆ ಅದೂ ನಿಲ್ಲುವುದಿಲ್ಲ. ಆಸ್ತಿ ಹೋಗುವುದು ಒಂದು ಕಡೆಯಾದರೆ, ನ್ಯಾಯಾಧೀಶರಿಗೆ ನಿಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಇದನ್ನು ವಿವರಿಸಿದಾಗ ಆ ದಂಪತಿ ಬಹಳ ಹೊತ್ತು ಮಾತಾಡಲಿಲ್ಲ.

ಜೈಲಿನ ಭಯ ಎಲ್ಲರಿಗೂ ಇದೆ. ಸಾಲ ಮಾಡಿದ್ದಕ್ಕೇ ಪೊಲೀಸರು ಹಿಡಿದುಕೊಂಡು ಹೋಗುವುದಿಲ್ಲ. ಹಣದ ಡಿಕ್ರಿ ಆದಮೇಲೆ ಸಿವಿಲ್ ಬಂಧನ ಎಂಬುದು ಕಾನೂನಿನಲ್ಲಿ ಇದೆ, ಹೆಚ್ಚೆಂದರೆ ಮೂರು ತಿಂಗಳು. ಹೆಂಗಸರನ್ನು ಹಾಗೆ ಬಂಧಿಸುವಂತೆಯೇ ಇಲ್ಲ. ಗಂಡಸರ ವಿಷಯದಲ್ಲೂ 1980ರಲ್ಲೇ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರ ತೀರ್ಪಿನಲ್ಲಿ, ಕೊಡಲು ಇಲ್ಲದೆ ಬಡವನಾದವನನ್ನು ಅದೊಂದೇ ಕಾರಣಕ್ಕೆ ಬಂಧನದಲ್ಲಿಡುವುದು ಸಂವಿಧಾನಕ್ಕೆ ಒಪ್ಪುವ ಮಾತಲ್ಲ ಎಂದಿತು. ಇದ್ದೂ ಕೊಡದೆ ಮೋಸ ಮಾಡುವವನ ಮಾತು ಬೇರೆ. ಚೆಕ್ ಬೌನ್ಸ್ ಕೇಸು ಮಾತ್ರ ಕ್ರಿಮಿನಲ್ ಕೇಸು. ದಿವಾಳಿ ಅರ್ಜಿಯಿಂದ ಅದು ಅಳಿಸಿಹೋಗುವುದಿಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ ಎಂದು ನಾನು ಗೋಗರೆಯುವುದು ಇದಕ್ಕೇ.

ದಿವಾಳಿ ಘೋಷಣೆ ಆದರೆ ಸಾಲ ಮುಗಿಯಿತೇ? ಇಲ್ಲ, ಅಲ್ಲಿಗೆ ಅರ್ಧ ದಾರಿ ಅಷ್ಟೇ. ವಿಮೋಚನೆಗೆ ಅರ್ಜಿ ಹಾಕಲು ನ್ಯಾಯಾಲಯ ಒಂದು ಅವಧಿ ಕೊಡುತ್ತದೆ. ಎಷ್ಟೋ ಜನ ಇದನ್ನು ಮರೆತುಬಿಡುತ್ತಾರೆ, ಘೋಷಣೆಯೇ ರದ್ದಾಗುತ್ತದೆ, ಮತ್ತೆ ಮೊದಲಿನಿಂದ. ವಿಮೋಚನೆ ಕೇಳುವಾಗ ರೂಪಾಯಿಗೆ ಎಂಟಾಣೆಯಷ್ಟಾದರೂ ಸಾಲಕ್ಕೆ ಸರಿಹೊಂದುವ ಆಸ್ತಿ ಇಲ್ಲದಿದ್ದರೆ, ಅದು ನಿಮ್ಮ ತಪ್ಪಿನಿಂದ ಆದದ್ದಲ್ಲ ಎಂದು ತೋರಿಸಿಕೊಡಬೇಕು. ಕಾಯಿಲೆ ಬಂತು, ಮಳೆ ಕೈಕೊಟ್ಟಿತು ಎಂದಾದರೆ ಅದಕ್ಕೆ ಕಾಗದಪತ್ರ ಇಟ್ಟುಕೊಂಡಿರಿ. ವಿಮೋಚನೆ ಸಿಕ್ಕ ಮೇಲೂ ಸರ್ಕಾರಕ್ಕೆ ಕೊಡಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ, ಹೆಂಡತಿ ಮಕ್ಕಳಿಗೆ ಕೊಡಬೇಕಾದ ಜೀವನಾಂಶ ಹಾಗೇ ಉಳಿಯುತ್ತವೆ. ವಿಮೋಚನೆ ಸಿಗುವವರೆಗೆ ಚುನಾಯಿತ ಸ್ಥಾನಕ್ಕೆ ಅರ್ಹತೆ ಇರುವುದಿಲ್ಲ. ದಿವಾಳಿ ಎಂಬುದನ್ನು ಮುಚ್ಚಿಟ್ಟು ಹೊಸ ಸಾಲ ತಂದರೆ ಅದೂ ಅಪರಾಧ.

ಜಾಮೀನು ಹಾಕಿದವರ ಗತಿ? ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ನೀವು ಬಿಡುಗಡೆಯಾದರೂ ಅವರು ಬಿಡುಗಡೆಯಾಗುವುದಿಲ್ಲ. ಸ್ನೇಹಕ್ಕೆ ಕಟ್ಟುಬಿದ್ದು ಸಹಿ ಹಾಕಿದ ಮೇಷ್ಟರ ಮೇಲೋ ಸೋದರಮಾವನ ಮೇಲೋ ಪೂರ್ತಿ ಹೊರೆ ಬೀಳುತ್ತದೆ. ಅರ್ಜಿಗೆ ಸಹಿ ಹಾಕುವ ಮುಂಚೆ ಅವರ ಮನೆಗೆ ಹೋಗಿ ನೀವೇ ವಿಷಯ ಹೇಳಿ. ಕೋರ್ಟಿನ ನೋಟಿಸಿನಿಂದ ಅವರಿಗೆ ಗೊತ್ತಾಗುವಂತೆ ಮಾಡಬೇಡಿ. ಮಕ್ಕಳ ಬಗ್ಗೆ ಮಾತ್ರ ಧೈರ್ಯ ಹೇಳಬಲ್ಲೆ. ಅವರು ಸಹಿ ಹಾಕಿರದಿದ್ದರೆ, ತಂದೆಯ ಸಾಲಕ್ಕೆ ತಂದೆಯಿಂದ ಬಂದ ಆಸ್ತಿಯ ಮಟ್ಟಿಗಷ್ಟೇ ಹೊಣೆ. ಅವರ ಸ್ವಂತ ದುಡಿಮೆಗೆ ಕೈ ಹಾಕುವಂತಿಲ್ಲ.

ಹಾಗಾದರೆ ಅರ್ಜಿ ಹಾಕಬೇಕೋ ಬೇಡವೋ? ಮಾರಲು ಏನೂ ಉಳಿದಿಲ್ಲ, ಡಿಕ್ರಿ ಆಗಿದೆ, ಬಂಧನದ ವಾರಂಟು ತಲೆಯ ಮೇಲಿದೆ, ಹತ್ತಾರು ಕಡೆ ಸಾಲ ಇದೆ ಎಂದರೆ ನಾಚಿಕೆ ಬಿಟ್ಟು ಹಾಕಿ. ಅದು ನಿಮ್ಮ ಹಕ್ಕು. ಅಮಲ್ಜಾರಿಯಲ್ಲಿ ಬಂಧಿಸಿ ತಂದವನಿಗೆ ‘ನೀನು ದಿವಾಳಿ ಅರ್ಜಿ ಹಾಕಬಹುದು’ ಎಂದು ನ್ಯಾಯಾಲಯವೇ ತಿಳಿಸಬೇಕು ಎಂದು ಕಾನೂನಿದೆ. ಆದರೆ ದುಡಿಯುವ ಶಕ್ತಿ ಇದ್ದು, ಅಷ್ಟಿಷ್ಟು ಆಸ್ತಿ ಇದ್ದು, ಸಾಲ ಹೆಚ್ಚಾಗಿ ಬ್ಯಾಂಕುಗಳದ್ದೇ ಆಗಿದ್ದರೆ ಮೊದಲು ರಾಜಿ ಪ್ರಯತ್ನ ಮಾಡಿ. ಲೋಕ ಅದಾಲತ್‌ನಲ್ಲಿ ಬಡ್ಡಿಯಲ್ಲಿ ಒಳ್ಳೆಯ ರಿಯಾಯಿತಿ ಸಿಗುವುದನ್ನು ನಾನೇ ಕೂತು ನೋಡಿದ್ದೇನೆ. ಅಲ್ಲಿ ಆದ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ, ಅಲ್ಲಿಗೆ ಮುಗಿಯಿತು.

ವಸೂಲಿಯವರ ಕಾಟಕ್ಕೆ ಹೆದರಿ ಯಾರೂ ಅವಸರದ ತೀರ್ಮಾನ ಮಾಡಬೇಡಿ. ಬ್ಯಾಂಕಿನ ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ಮೇಲೆ ಫೋನು ಮಾಡಬಾರದು ಎಂದು ರಿಸರ್ವ್ ಬ್ಯಾಂಕಿನ ನಿಯಮ ಇದೆ. ಮೊದಲು ಬ್ಯಾಂಕಿಗೇ ದೂರು ಕೊಡಿ. ಅಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಮಾಹಿತಿಗೆ 14448. ಕಿರುಸಾಲದ ಕಿರುಕುಳ ತಡೆಯಲು ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂತು, ಆಮೇಲೆ ಕಾಯ್ದೆಯಾಯಿತು. ಅದರಡಿ 10 ವರ್ಷದವರೆಗೆ ಶಿಕ್ಷೆ, 5 ಲಕ್ಷ ರೂಪಾಯಿವರೆಗೆ ದಂಡ ಇದೆ. ಈ ಮಾತು ಕೇಳುತ್ತಿರುವವರಲ್ಲಿ ಯಾರಿಗಾದರೂ ಬದುಕೇ ಬೇಡ ಎನ್ನಿಸಿದ್ದರೆ, ಈಗಲೇ ಮನೆಯವರೊಬ್ಬರಿಗೆ ಹೇಳಿ, ಇಲ್ಲವೇ 14416ಕ್ಕೆ ಫೋನು ಮಾಡಿ. ಟೆಲಿ ಮಾನಸ್ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಬಟ್ಟೆ ಅಂಗಡಿಯವರು ಅರ್ಜಿ ಹಾಕಲಿಲ್ಲ. ಸೈಟು ಮಾರಿದರು, ಬ್ಯಾಂಕಿನದು ಅದಾಲತ್‌ನಲ್ಲಿ ಮುಗಿಯಿತು. ಈಗ ಇಬ್ಬರೂ ಬೇರೆಯವರ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಮೊನ್ನೆ ಆಕೆ ಬಂದಾಗ ಅದೇ ಲೆಕ್ಕದ ನೋಟ್‌ಬುಕ್ಕು ತಂದಿದ್ದರು. ಹನ್ನೊಂದರಲ್ಲಿ ಏಳರ ಮೇಲೆ ಗೆರೆ ಎಳೆದಿತ್ತು.

ನಿಮಗೆ ವಕೀಲರನ್ನು ಇಟ್ಟುಕೊಳ್ಳಲು ಕಷ್ಟವಾದರೆ ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಅಥವಾ 15100ಕ್ಕೆ ಫೋನು ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಹೋಗುವಾಗ ಬಂದ ಕಾಗದವನ್ನೆಲ್ಲ ತೆಗೆದುಕೊಂಡು ಹೋಗಿ, ಒಡೆಯದ ಲಕೋಟೆಗಳನ್ನೂ ಸೇರಿಸಿ.

ನಮಸ್ಕಾರ.