ತೊಗರಿ ಬೇರಿನೊಳಗೆ ಹಸಿರು ದಾರ

ನಮಸ್ಕಾರ. ತೊಗರಿ ಬೆಳೆಯುವ ಅಕ್ಕಂದಿರೇ, ಅಣ್ಣಂದಿರೇ, ಗಿಡ ಒಣಗಿಸುವ ನೆಟೆ ರೋಗದ ಬಗ್ಗೆ ರೇಡಿಯೊದಲ್ಲಿ ಮಾತಾಡಲು ನನ್ನನ್ನು ಕರೆದಿದ್ದಾರೆ. ಒಂದೇ ಮಾತು ಹೇಳಿ ಎದ್ದು ಹೋಗು ಅಂದರೂ ಇದನ್ನೇ ಹೇಳುತ್ತೇನೆ: ಗಿಡ ಬಾಡಿದ ದಿನ ರೋಗ ಬಂದ ದಿನ ಅಲ್ಲ.

ಜೂನ್, ಜುಲೈನಲ್ಲಿ ಬಿತ್ತುತ್ತೀರಿ. ಹೂವು, ಕಾಯಿ ಬರೋ ಹೊತ್ತಿಗೆ ಅಲ್ಲಲ್ಲಿ ಗಿಡ ನಿಂತಲ್ಲೇ ಒಣಗುತ್ತವೆ. "ಮೇಡಂ, ನಿನ್ನೆ ಚೆನ್ನಾಗಿತ್ತು" ಅಂತ ಫೋನ್ ಬರುತ್ತದೆ. ಇಲ್ಲ, ನಿನ್ನೆಯೂ ಚೆನ್ನಾಗಿರಲಿಲ್ಲ! ಫ್ಯುಸೇರಿಯಂ ಉಡುಮ್ ಅನ್ನುವ ಬೂಷ್ಟು ಮಣ್ಣಿನಿಂದ ಎಳೆ ಬೇರಿಗೆ ಹೊಕ್ಕು, ನೀರು ಏರುವ ಕೊಳವೆಗಳಲ್ಲಿ ಆಗಲೇ ಮನೆ ಮಾಡಿರುತ್ತದೆ. 1910ರಲ್ಲೇ ಬಟ್ಲರ್ ಎಂಬ ವಿಜ್ಞಾನಿ ಇದಕ್ಕೆ ಈ ಹೆಸರಿಟ್ಟರು. ಕಳ್ಳನ ಹೆಸರು ಗೊತ್ತು, ಅವನು ಒಳಗೆ ನಡೆಯೋ ದಾರಿ ನೋಡೋದು ಹೇಗೆ? ಬೂಷ್ಟಿನ ಎಳೆಗೆ ಬಣ್ಣವೇ ಇಲ್ಲ.

ಅದಕ್ಕೇ ಕಳ್ಳನ ಕೈಗೆ ದೀಪ ಕೊಡುತ್ತೇವೆ. ಸಮುದ್ರದ ಒಂದು ಜೆಲ್ಲಿ ಮೀನಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್ ಇದೆ. ಆ ಕೆಲಸಕ್ಕೆ 2008ರಲ್ಲಿ ನೊಬೆಲ್ ಬಂತು. ಅದನ್ನು ಮಾಡಲು ಹೇಳಿಕೊಡುವ ಸೂಚನೆ, ಅಂದರೆ ಜೀನನ್ನು, ಬೂಷ್ಟಿನೊಳಗೆ ಸೇರಿಸಬೇಕು. ಹೊತ್ತು ಹಾಕೋ ಹಮಾಲ ಅಗ್ರೋಬ್ಯಾಕ್ಟೀರಿಯಂ. ಇದು ಗಿಡದ ಗಾಯದಲ್ಲಿ ತನ್ನ ಜೀನು ತೂರಿಸಿ ಗಂಟು ಎಬ್ಬಿಸುವ ಜೀವಿ. ಗಂಟಿನ ಜೀನು ತೆಗೆದು ದೀಪದ ಜೀನು ಇಟ್ಟರೆ ಅದನ್ನೇ ಹೊತ್ತೊಯ್ಯುತ್ತದೆ. ಬೂಷ್ಟಿಗೂ ಹೀಗೆ ಸಾಗಿಸಬಹುದು ಅಂತ 1998ರಲ್ಲಿ ನೆದರ್ಲ್ಯಾಂಡ್ಸ್‌ನವರು ತೋರಿಸಿದರು.

ಓದುವಾಗ ನಾನು ಇದನ್ನು ಮಾಡಲು ಹೋಗಿ ಮೂರು ಸಲ ಸೋತೆ. ಗಾಯವಾದ ಗಿಡ ಬಿಡುವ ಒಂದು ವಸ್ತುವಿನ ಸುಳಿವು ಸಿಗದಿದ್ದರೆ ಹಮಾಲ ಎದ್ದೇಳೋದಿಲ್ಲ. ಅದನ್ನು ನಾವೇ ಹಾಕಬೇಕು. ನಾನು ಹಾಕಿದ್ದು ಹಳೇ ಕೆಟ್ಟ ದ್ರಾವಣ! ನಾಲ್ಕನೇ ಸಲ ಗೆದ್ದೆ. ಹೊಳೆಯುವ ಬೂಷ್ಟನ್ನು ಕುಂಡದ ತೊಗರಿ ಸಸಿಗಳಿಗೆ ಕೊಟ್ಟೆ.

ಅದೇ ವಾರ ನಮ್ಮೂರಿನ ಕಾಕಾ ಒಬ್ಬರು ಬೀಜಕ್ಕೆ ಅಂತ ಬಂದಿದ್ದರು. ಸಸಿ ನೋಡಿ, "ತಂಗಿ, ಛಲೋ ಅದಲ್ಲ? ಇದಕ್ಕೇನಾಗ್ಯಾದ?" ಅಂದರು. ಎಲೆ ಹಸಿರು, ತುದಿ ನೆಟ್ಟಗೆ. ಬೇರು ತೊಳೆದು, ಕತ್ತಲ ಕೋಣೆಗೆ ಕರೆದೊಯ್ದು, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಬೇರಿನ ಕೂದಲಿಗೆ ಹಸಿರು ದಾರ ಸುತ್ತಿತ್ತು. ಒಳಗಿನ ಕೊಳವೆಯಲ್ಲೂ ಅದೇ ದಾರ. ಕಾಕಾ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಹಂಗಾದ್ರ ನಾ ಹೂವಿನಾಗ ಎಣ್ಣಿ ಹೊಡದದ್ದು ಯಾವುದಕ್ಕ?" ಅಂದರು. ನಾನು ಸುಮ್ಮನಿದ್ದೆ. ಆ ವರ್ಷ ಅವರು ಬೆಳೆಗೆ ಎರಡು ಸಲ ಎಣ್ಣೆ, ಅಂದರೆ ಔಷಧಿ, ಹೊಡೆದಿದ್ದರು. ಹೊರಡುವಾಗ, "ಈ ದೀಪದ ಬೂಷ್ಟು ನಮ್ಮ ಹೊಲಕ್ಕ ಬರ್ತದೇನು?" ಅಂತಲೂ ಕೇಳಿದರು. ಬರೋದಿಲ್ಲ ಕಾಕಾ, ಬಿಸಿ ಹಬೆಯಲ್ಲಿ ಬೇಯಿಸಿ ಕೊಂದೇ ಹೊರಗೆ ಹಾಕುತ್ತೇವೆ.

ಅಯ್ಯೋ, ಹೊತ್ತಾಯಿತು, ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಜೀನು ಸೇರಿಸೋದಲ್ಲದೆ ಮುರಿಯಲೂಬಹುದು. ಟೊಮೆಟೊ ಬೇರಿನ ಫ್ಯುಸೇರಿಯಂನಲ್ಲಿ ಒಂದೇ ಜೀನು ಮುರಿದರು ಸ್ಪೇನಿನವರು, 2001ರಲ್ಲಿ. ಬೂಷ್ಟು ಬದುಕಿತು, ರೋಗ ತರಲಿಲ್ಲ. ಅದರ ಕಥೆ ಇನ್ನೊಮ್ಮೆ.

ಈಗ ಬೇಗ ಬೇಗ ಕೇಳಿ. ಮಾರುತಿ, ಆಶಾ, ಟಿಎಸ್-3ಆರ್, ಈ ತಳಿಗಳು ನೆಟೆ ತಡೆಯುತ್ತವೆ. ಬಿತ್ತುವ ಮೊದಲು ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಅನ್ನುವ ಒಳ್ಳೆಯ ಬೂಷ್ಟಿನ ಪುಡಿ ಹಚ್ಚಿ. ಪ್ರತಿ ವರ್ಷ ಅದೇ ಹೊಲಕ್ಕೆ ತೊಗರಿ ಬೇಡ, ಜೋಳ ಹಾಕಿ. ಎಲ್ಲಾ ಬಿತ್ತೋದಕ್ಕೆ ಮುಂಚೆ, ಯಾಕಂದರೆ ಬಾಡಿದ ದಿನ ರೋಗ ಬಂದ ದಿನ ಅಲ್ಲ! ಅನುಮಾನ ಇದ್ದರೆ ಒಣಗಿದ ಗಿಡದ ಕಾಂಡ ಸೀಳಿ ನೋಡಿ. ತೊಗಟೆಯ ಕೆಳಗೆ ಕಪ್ಪು ಗೆರೆ ಕಂಡರೆ ಎಣ್ಣೆ ಅಂಗಡಿಗೆ ಹೋಗಬೇಡಿ. ನಮಸ್ಕಾರ.